ವಂಚನೆಯಲ್ಲಿ ಖಾತೆ ಖಾಲಿಯಾಯಿತು, ಅದರ ಮೇಲೆ ಬ್ಯಾಂಕ್ ಚಾರ್ಜೂ ಬಿತ್ತು. ಇದನ್ನು ನಾನೇ ಕಟ್ಟಬೇಕಾ?

ಯುಪಿಐಗೆ ಜೋಡಿಸಿದ್ದ ಉಳಿತಾಯ ಖಾತೆಯಿಂದ ನಿಮಗೆ ಗೊತ್ತಿಲ್ಲದೆ ₹38,000 ಹೋಗಿದೆ. ಪಿನ್, ಒಟಿಪಿ ಯಾರಿಗೂ ಕೊಟ್ಟಿಲ್ಲ, ಮರುದಿನವೇ ಬ್ಯಾಂಕಿಗೆ ತಿಳಿಸಿದ್ದೀರಿ. ಅಷ್ಟರಲ್ಲಿ ಬೈಕ್ ಸಾಲದ ಕಂತು ಬೌನ್ಸ್ ಆಗಿದೆ, ಮಿನಿಮಮ್ ಬ್ಯಾಲೆನ್ಸ್ ದಂಡವೂ ಬಿದ್ದಿದೆ. ಇಷ್ಟೂ ನಿಜವಾಗಿದ್ದರೆ ಆ ಚಾರ್ಜುಗಳನ್ನು ವಾಪಸ್ ಕೇಳಲು ನಿಮಗೆ ಗಟ್ಟಿ ಆಧಾರವಿದೆ.

ಆಧಾರ ಇರುವುದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದಲ್ಲಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎನ್ನುವ ಪ್ರಕರಣದಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಎಸ್‌ಎಂಎಸ್ ಬಂದ ದಿನ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ₹10,000 ನಿಮ್ಮ ತಲೆಗೆ. ತಪ್ಪು ಗ್ರಾಹಕರದ್ದೇ ಎಂದು ತೋರಿಸಬೇಕಾದ ಭಾರ ಬ್ಯಾಂಕಿನದು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಮಗೆ ನಿಜವಾಗಿ ಬೇಕಾದದ್ದು ಅದರ ಮುಂದಿನ ಮಾತು. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಹಣವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, ಆ ಜಮೆಯ ವ್ಯಾಲ್ಯೂ ಡೇಟ್, ಅಂದರೆ ಹಣ ಬಂತೆಂದು ಲೆಕ್ಕಕ್ಕೆ ಹಿಡಿಯುವ ದಿನ, ವಂಚನೆ ನಡೆದ ದಿನದ್ದೇ ಆಗಿರಬೇಕು. ಹಾಗೆಂದರೆ ಲೆಕ್ಕದ ಪ್ರಕಾರ ನಿಮ್ಮ ಖಾತೆಯಲ್ಲಿ ಹಣ ಕಡಿಮೆಯಾಗಲೇ ಇಲ್ಲ. ಕಡಿಮೆಯಾಗದ ಮೇಲೆ ಮಿನಿಮಮ್ ಬ್ಯಾಲೆನ್ಸ್ ದಂಡ ಯಾವ ಲೆಕ್ಕಕ್ಕೆ? ಕಂತು ಬೌನ್ಸ್ ಆಗಿದ್ದಕ್ಕೆ ಬ್ಯಾಂಕ್ ಹಾಕಿದ ರಿಟರ್ನ್ ಚಾರ್ಜ್ ಯಾವ ಲೆಕ್ಕಕ್ಕೆ? ಸುತ್ತೋಲೆ ಈ ಚಾರ್ಜುಗಳನ್ನು ಹೆಸರಿಸಿ ಹೇಳಿಲ್ಲ, ಹಾಗಾಗಿ ಕೌಂಟರಿನಲ್ಲಿ ‘ಸಿಸ್ಟಮ್ ತಾನಾಗೇ ಹಾಕಿದ್ದು’ ಎಂದು ಕೈಚೆಲ್ಲಬಹುದು. ನೀವು ಮಾತ್ರ ವ್ಯಾಲ್ಯೂ ಡೇಟ್ ಬಿಟ್ಟು ಕದಲಬೇಡಿ.

ಮೊದಲು ಸ್ಟೇಟ್‌ಮೆಂಟ್ ತೆಗೆದು ಸಾಲು ಸಾಲಾಗಿ ನೋಡಿ. ₹250 ರಿಟರ್ನ್ ಚಾರ್ಜ್ ಇದ್ದರೆ ಅದಕ್ಕೆ 18% ಜಿಎಸ್‌ಟಿ, ಅಂದರೆ ₹45, ಸೇರಿ ಒಟ್ಟು ₹295. ಎಷ್ಟೋ ಸಲ ₹250 ಮಾತ್ರ ವಾಪಸ್ ಬಂದು ₹45 ಅಲ್ಲೇ ಉಳಿದುಬಿಡುತ್ತದೆ. ಸಾಲ ಕೊಟ್ಟವರು ಕಂತನ್ನು ಎರಡು ಸಲ ಪ್ರೆಸೆಂಟ್ ಮಾಡಿದ್ದರೆ, ಅಂದರೆ ಕಡಿತಕ್ಕೆ ಕಳಿಸಿದ್ದರೆ, ಚಾರ್ಜೂ ಎರಡು ಸಲ ಬಿದ್ದಿರುತ್ತದೆ.

ಆಮೇಲೆ ಒಂದೇ ಪುಟದ ಪತ್ರ ಬರೆಯಿರಿ: ‘ಇಂಥ ದಿನಾಂಕದ ಅನಧಿಕೃತ ವಹಿವಾಟಿನ ಬಗ್ಗೆ ಇಂಥ ಸಂಖ್ಯೆಯ ದೂರು ದಾಖಲಾಗಿದೆ. ಅದೇ ಕಾರಣದಿಂದ ಬಿದ್ದ ಕೆಳಗಿನ ಚಾರ್ಜುಗಳನ್ನು ಜಿಎಸ್‌ಟಿ ಸಮೇತ ವಾಪಸ್ ಮಾಡಿ, ದೂರು ಇತ್ಯರ್ಥವಾಗುವವರೆಗೆ ಹೊಸ ಚಾರ್ಜ್ ಹಾಕಬೇಡಿ.’ ಕೆಳಗೆ ದಿನಾಂಕ, ಮೊತ್ತ, ಯುಪಿಐ ರೆಫರೆನ್ಸ್ ಸಂಖ್ಯೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೊಟ್ಟ ದೂರಿನ ಸಂಖ್ಯೆಯನ್ನೂ ಸೇರಿಸಿ. ಇನ್ನೂ ಅಲ್ಲಿಗೆ ಕರೆ ಮಾಡಿಲ್ಲ ಅಂದರೆ ಇದನ್ನು ಓದುವುದು ಬಿಟ್ಟು ಮೊದಲು ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವುದು ಅಲ್ಲಿಂದ ಸಾಧ್ಯವಾಗಬಹುದು. ಪತ್ರದ ಎರಡನೇ ಪ್ರತಿಗೆ ಬ್ರಾಂಚಿನಲ್ಲಿ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಒಂದು ಎಚ್ಚರ. ಬಾಕಿ ಚಾರ್ಜ್ ಇರುವ ಖಾತೆಗೆ ಸಂಬಳ ಬಿದ್ದರೆ ಮೊದಲು ಚಾರ್ಜೇ ಕಡಿತವಾಗಿ, ಉಳಿದದ್ದು ಕಂತಿಗೆ ಸಾಲದೆ ಮತ್ತೆ ಬೌನ್ಸ್ ಆಗಬಹುದು. ತಾತ್ಕಾಲಿಕ ಜಮೆಯನ್ನೂ ನೆಚ್ಚಿಕೊಳ್ಳಬೇಡಿ, ತನಿಖೆ ಮುಗಿಯುವವರೆಗೆ ಅದನ್ನು ತೆಗೆಯದಂತೆ ಬ್ಯಾಂಕ್ ತಡೆ (ಲಿಯನ್) ಇಟ್ಟಿರುವುದುಂಟು. ಆದ್ದರಿಂದ ಈ ತಿಂಗಳ ಕಂತನ್ನು ಬೇರೆ ಖಾತೆಯಿಂದ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ, ಮತ್ತೆ ಪ್ರೆಸೆಂಟ್ ಮಾಡಬೇಡಿ ಎಂದು ಅವರಿಗೆ ಇಮೇಲ್ ಹಾಕಿ. ಅವರು ಹಾಕಿದ ಬೌನ್ಸ್ ಚಾರ್ಜ್ ಬೇರೆಯದು. ಅದನ್ನು ನಿಮ್ಮ ಬ್ಯಾಂಕ್ ವಾಪಸ್ ಮಾಡಲಾರದು, ಸಾಲ ಕೊಟ್ಟವರನ್ನೇ ಕೇಳಬೇಕು. ಅವರ ಮೇಲೆ ಮೇಲಿನ ನಿಯಮ ನಡೆಯುವುದಿಲ್ಲ, ದೂರಿನ ಪ್ರತಿ ಲಗತ್ತಿಸಿ ವಿನಂತಿಸುವುದೊಂದೇ ದಾರಿ.

ಮಿನಿಮಮ್ ಬ್ಯಾಲೆನ್ಸ್ ದಂಡಕ್ಕೆ ಇನ್ನೂ ಒಂದು ಆಕ್ಷೇಪ ಎತ್ತಬಹುದು. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ ತಂದ ನಿಯಮದಂತೆ ದಂಡ ಹಾಕುವ ಮೊದಲು ನಿಮಗೆ ತಿಳಿಸಿ, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಬರೀ ಆ ದಂಡದಿಂದ ಖಾತೆ ಮೈನಸ್‌ಗೆ ಇಳಿಯಬಾರದು. ಆ ನೋಟಿಸ್ ಯಾವತ್ತು ಬಂತು ಎಂದು ಲಿಖಿತವಾಗಿ ಕೇಳಿ.

ಯಾರದೋ ಮಾತು ನಂಬಿ ಒಟಿಪಿ ಹೇಳಿದ್ದರೆ ಕಥೆ ಬೇರೆ: ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆಗಲೂ ಮನ್ನಾ ಮಾಡುವ ವಿವೇಚನೆ ಬ್ಯಾಂಕಿಗೆ ಇದೆ, ಆದ್ದರಿಂದ ಮುಚ್ಚಿಡದೆ ನಡೆದದ್ದನ್ನು ಹಾಗೆಯೇ ಬರೆಯಿರಿ. ಸುಳ್ಳು ಸೇರಿಸಿದರೆ ಬ್ಯಾಂಕಿನ ಕಂಪ್ಯೂಟರ್ ದಾಖಲೆಯಲ್ಲಿ (ಲಾಗ್) ಸಿಕ್ಕಿಬೀಳುತ್ತದೆ, ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಸೀಲು ಹಾಕಿಸಿದ ಆ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಎರಡು ತಿಂಗಳ ನಂತರ ಕ್ರೆಡಿಟ್ ರಿಪೋರ್ಟ್ ತೆಗೆದು ಬೈಕ್ ಸಾಲದ ಆ ತಿಂಗಳನ್ನು ನೋಡಿ. ಕಟ್ಟಿದ್ದರೂ ಬಾಕಿ ಎಂದು ತಪ್ಪಾಗಿ ದಾಖಲಾಗಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಿ. 30 ದಿನದೊಳಗೆ ಇತ್ಯರ್ಥ ಮಾಡದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ನಿಯಮವಿದೆ.