ಯಾವುದು ಸೋಫಾಕ್ಕೆ, ಯಾವುದು ಥಿಯೇಟರಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಲೀಡ್ಸ್‌ನಲ್ಲಿ ನಿನಗಿದು ಮೊದಲ ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲು, ಆಫೀಸಿನಲ್ಲಿ ಟೀ ಹೊತ್ತಿಗೆ ಎಲ್ಲರೂ ಯಾವುದೋ ಹಳೇ ಬ್ರಿಟಿಷ್ ಸಿನಿಮಾದ ಮಾತು ತೆಗೆದು ನಗ್ತಾರೆ, ನೀನು ಅರ್ಥವಾಗದೆ ಹಲ್ಲು ಕಿರಿದು ಕೂರ್ತೀಯ. ಎಲ್ಲಿಂದ ಶುರು ಮಾಡಲಿ, ಖರ್ಚೆಷ್ಟಾಗುತ್ತೆ, ಒಬ್ಬನೇ ಥಿಯೇಟರಿಗೆ ಹೋದರೆ ಜನ ವಿಚಿತ್ರವಾಗಿ ನೋಡ್ತಾರಾ ಅಂತ ಕೇಳಿದ್ದೀಯ. ಕೊನೆಯದಕ್ಕೆ ಮೊದಲು ಹೇಳಿಬಿಡ್ತೀನಿ: ಯಾರೂ ನೋಡಲ್ಲ. ಹಳೇ ಸಿನಿಮಾದ ಮಧ್ಯಾಹ್ನದ ಷೋಗೆ ಇಲ್ಲಿ ಎಷ್ಟೋ ಜನ ಒಬ್ಬೊಬ್ಬರೇ ಬಂದು, ಪಕ್ಕದ ಸೀಟಿನಲ್ಲಿ ಕೋಟಿಟ್ಟುಕೊಂಡು ಕೂತಿರ್ತಾರೆ.

ಇನ್ನು ಎಲ್ಲಿಂದ ಶುರು ಅನ್ನೋದು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು 1999ರಲ್ಲಿ ನೂರು ಚಿತ್ರಗಳ ಪಟ್ಟಿ ಮಾಡಿದ್ದಾರೆ. ‘ದಿ ಥರ್ಡ್ ಮ್ಯಾನ್’ ಮೊದಲನೆಯದು, ‘ಬ್ರೀಫ್ ಎನ್‌ಕೌಂಟರ್’ ಎರಡನೆಯದು, ‘ಲಾರೆನ್ಸ್ ಆಫ್ ಅರೇಬಿಯಾ’ ಮೂರನೆಯದು. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಒಂದರಿಂದ ನೂರರ ತನಕ ಕ್ರಮವಾಗಿ ಮುಗಿಸ್ತೀನಿ ಅಂತ ಹೊರಟವರು ಯಾರೂ ದಡ ಮುಟ್ಟಿದ್ದು ನಾನು ಕಂಡಿಲ್ಲ. ನಾನು ವಿಂಗಡಿಸೋದು ಬೇರೆ ರೀತಿ. ಮನೆಯಲ್ಲಿ ಕಂಬಳಿ ಹೊದ್ದು ನೋಡಿದರೂ ಏನೂ ಕಳೆದುಕೊಳ್ಳದ ಚಿತ್ರಗಳು ಕೆಲವು, ದೊಡ್ಡ ಪರದೆ ಸಿಗೋವರೆಗೆ ಮುಟ್ಟಲೇಬಾರದವು ಕೆಲವು.

ಮನೆಯಲ್ಲಿ ಮೊದಲು ನೋಡಬೇಕಾದ್ದು ಈಲಿಂಗ್ ಸ್ಟುಡಿಯೋದ ಹಾಸ್ಯಚಿತ್ರಗಳು. ಒಂದೇ ವರ್ಷ, 1949ರಲ್ಲಿ, ಈ ಲಂಡನ್ ಸ್ಟುಡಿಯೋದಿಂದ ಮೂರು ರತ್ನಗಳು ಬಂದವು: ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’, ‘ವಿಸ್ಕಿ ಗಲೋರ್’, ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’. ಯುದ್ಧ ಗೆದ್ದು ನಾಲ್ಕು ವರ್ಷವಾಗಿದ್ದರೂ ಇಲ್ಲಿ ಆಗಿನ್ನೂ ರೇಷನ್ ಇತ್ತು ಅನ್ನೋದು ತಲೆಯಲ್ಲಿರಲಿ. ಆಹಾರದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಪಿಮ್ಲಿಕೊದ ಕತೆಯಲ್ಲಿ, ಉಳಿದುಹೋಗಿದ್ದ ಬಾಂಬೊಂದು ಸಿಡಿದು ನೆಲದಡಿ ಹಳೇ ದಸ್ತಾವೇಜು ಸಿಗುತ್ತೆ. ಈ ಬೀದಿಗಳು ಇಂಗ್ಲೆಂಡಿನವೇ ಅಲ್ಲ, ಫ್ರಾನ್ಸ್ ಕಡೆಯ ಹಳೇ ಸಂಸ್ಥಾನ ಬರ್ಗಂಡಿಯವು ಅಂತ ಅದರಲ್ಲಿರುತ್ತೆ. ಅಷ್ಟು ಗೊತ್ತಾದದ್ದೇ ತಡ, ಜನ ಪಬ್‌ನಲ್ಲಿ ನಿಂತು ರೇಷನ್ ಪುಸ್ತಕ ಹರಿದು ಹಾಕ್ತಾರೆ. ಸ್ವಾತಂತ್ರ್ಯ ಸಿಕ್ಕರೆ ಮೊದಲು ಏನು ಮಾಡ್ತೀರಿ ಅಂದರೆ ಇವರ ಉತ್ತರ ಅದು! ‘ವಿಸ್ಕಿ ಗಲೋರ್’ನಲ್ಲಿ ಸ್ಕಾಟ್ಲೆಂಡಿನ ದ್ವೀಪವೊಂದರ ಬಳಿ ಐವತ್ತು ಸಾವಿರ ಪೆಟ್ಟಿಗೆ ವಿಸ್ಕಿ ಹೊತ್ತ ಹಡಗು ಬಂಡೆಗೆ ಸಿಕ್ಕಿಕೊಳ್ಳುತ್ತೆ. ಊರವರು ದೋಣಿ ಹತ್ತೋ ಹೊತ್ತಿಗೆ ಸರಿಯಾಗಿ ಗಡಿಯಾರ ಹನ್ನೆರಡು ಹೊಡೆದು ಭಾನುವಾರ ಶುರುವಾಗಿಬಿಡುತ್ತೆ, ದೇವರ ದಿನ ಕೆಲಸ ಮಾಡೋ ಹಾಗಿಲ್ಲ. ಇಡೀ ದಿನ ಹಡಗನ್ನೇ ನೋಡ್ತಾ ಅವರು ಕೂರೋ ದೃಶ್ಯ, ಏಕಾದಶಿ ಉಪವಾಸದವರ ಮುಂದೆ ಎಲೆ ಹಾಸಿ ಬಡಿಸಿದ ಹಾಗೆ. ಅದಕ್ಕೂ ನಿಜದ ಬುಡ ಇದೆ, 1941ರಲ್ಲಿ ಹೀಗೇ ಒಂದು ಹಡಗು ಸಿಕ್ಕಿಕೊಂಡಿತ್ತು. ಇವೆರಡೂ ಒಂದೂವರೆ ಗಂಟೆಯೊಳಗೆ ಮುಗೀತವೆ, ಅನ್ನ ಆಗೋ ಮೊದಲು ಅರ್ಧ, ಊಟ ಮಾಡ್ತಾ ಅರ್ಧ. ಮೂರನೆಯದರಲ್ಲಿ ಡ್ಯೂಕ್ ಪದವಿಗಾಗಿ ಒಬ್ಬ ಒಂದು ಮನೆತನದವರನ್ನೆಲ್ಲ ಸಾಲಾಗಿ ಕೊಂದು ಹಾಕ್ತಾ ಹೋಗ್ತಾನೆ. ಆ ಮನೆತನದ ಎಂಟು ಪಾತ್ರಗಳನ್ನೂ, ಅದರಲ್ಲೊಬ್ಬಳು ಹೆಂಗಸು, ಅಲೆಕ್ ಗಿನ್ನೆಸ್ ಒಬ್ಬರೇ ಮಾಡಿದ್ದಾರೆ. ಇದರ ಮಾತು ಮೃದು, ಅರ್ಥ ವಿಷ. ಎರಡನೇ ಸಲ ನೋಡಿದಾಗಲೇ ಪೂರ್ತಿ ನಗು ಬರೋದು.

ಖರ್ಚಿನ ವಿಷಯ. ಟಾಕಿಂಗ್ ಪಿಕ್ಚರ್ಸ್ ಟಿವಿ ಅಂತ ಒಂದು ಚಾನೆಲ್ ಇದೆ, 2015ರಲ್ಲಿ ಒಂದು ಕುಟುಂಬ ಶುರುಮಾಡಿದ್ದು. ಆಂಟೆನಾ ಇದ್ದರೆ ಪುಕ್ಕಟೆ, ಬೆಳಗಿಂದ ರಾತ್ರಿವರೆಗೆ ಹಳೇ ಚಿತ್ರಗಳೇ. ಫಿಲ್ಮ್ ಫೋರ್ ಕೂಡ ಪುಕ್ಕಟೆ. ಆದರೆ ಪುಕ್ಕಟೆ ಅಂದರೂ, ಯಾವ ಚಾನೆಲ್ಲೇ ಆಗಲಿ ಪ್ರಸಾರವಾಗ್ತಿರುವಾಗಲೇ ನೋಡೋದಾದರೆ, ಇಲ್ಲಾ ಬಿಬಿಸಿಯವರ ಆನ್‌ಲೈನ್ ಸೇವೆ ಐಪ್ಲೇಯರ್ ಹಾಕೋದಾದರೆ, ಟಿವಿ ಲೈಸೆನ್ಸ್ ಬೇಕೇ ಬೇಕು, ವರ್ಷಕ್ಕೆ 170 ಪೌಂಡಿಗೂ ಮೇಲೆ. ಬರೀ ಡಿವಿಡಿ ನೋಡೋನಿಗೆ ಅದು ಬೇಡ. ಹೊಸಬರಿಗೆ ಈ ವ್ಯತ್ಯಾಸ ಯಾರೂ ಹೇಳಲ್ಲ, ಲೈಸೆನ್ಸ್ ತಗೋ ಅನ್ನೋ ಕಾಗದಗಳು ಮಾತ್ರ ಬಾಗಿಲಿಗೆ ಬಂದು ಬೀಳ್ತಿರ್ತವೆ. ಡಿವಿಡಿ ಬೇಕಾದರೆ, ಜನ ದಾನ ಕೊಟ್ಟ ಹಳೇ ಸಾಮಾನು ಮಾರೋ ಚಾರಿಟಿ ಅಂಗಡಿಗೆ ಹೋಗು, ಒಂದು ಪೌಂಡಿನ ಆಸುಪಾಸಿಗೆ ರಾಶಿಯಲ್ಲಿ ಸಿಕ್ತವೆ. ಡಬ್ಬಿಯ ಹಿಂಬದಿಯಲ್ಲಿ ಸಬ್‌ಟೈಟಲ್ ಇದೆಯಾ ಅಂತ ಮಾತ್ರ ನೋಡಿಕೋ. ‘ಕೆಸ್’ ನೋಡೋವಾಗ ಸಬ್‌ಟೈಟಲಿನ ಬೆಲೆ ತಿಳಿಯುತ್ತೆ. ಕೆನ್ ಲೋಚ್ 1969ರಲ್ಲಿ ನಮ್ಮ ಪಕ್ಕದ ಬಾರ್ನ್ಸ್‌ಲಿಯಲ್ಲಿ, ಊರವರನ್ನೇ ಹಾಕಿಕೊಂಡು ಮಾಡಿದ ಚಿತ್ರ. ಗಿಡುಗ ಸಾಕೋ ಹುಡುಗನ ಕತೆ. ಅದರ ಮಾತು ಇಲ್ಲಿಯ ದಕ್ಷಿಣದವರಿಗೇ ತಿಣುಕಾಟ, ಇನ್ನು ನಿನಗೆ ನಾಚಿಕೆ ಯಾಕೆ ಮಾರಾಯ. ಈಲಿಂಗ್‌ನವರ ಇಂಗ್ಲಿಷಿಗಿಂತ ನಿನ್ನ ಆಫೀಸಿನವರ ಇಂಗ್ಲಿಷಿಗೆ ಹತ್ತಿರದ್ದು ಇದೇ. ಅದರಲ್ಲಿ ಶಾಲೆಯ ಫುಟ್‌ಬಾಲ್ ಮೇಷ್ಟ್ರೊಬ್ಬರು ಬರ್ತಾರೆ, ಅವರ ವಿಷಯ ಎತ್ತು, ಟೀ ಹೊತ್ತು ಮುಗಿಯೋದೇ ಇಲ್ಲ.

‘ಬ್ರೀಫ್ ಎನ್‌ಕೌಂಟರ್’ ಕೂಡ ಮನೆಗೇ ಸಾಕು. ಮದುವೆಯಾದ ಇಬ್ಬರು ರೈಲ್ವೆ ಕ್ಯಾಂಟೀನಿನಲ್ಲಿ ಭೇಟಿಯಾಗಿ, ಪ್ರೀತಿಸಿ, ಏನೂ ಆಗದೆ ಬೇರೆಯಾಗ್ತಾರೆ, ಅಷ್ಟೇ. ಯುದ್ಧ ನಡೀತಿರುವಾಗಲೇ, 1945ರ ಚಳಿಗಾಲದಲ್ಲಿ, ಅದರ ಸ್ಟೇಷನ್ ದೃಶ್ಯಗಳನ್ನು ಲ್ಯಾಂಕಶರ್‌ನ ಕಾರ್ನ್‌ಫರ್ತ್‌ನಲ್ಲಿ ತೆಗೆದರು. ರಾತ್ರಿ ದೀಪ ಉರಿಸಬೇಕಿತ್ತು, ಲಂಡನ್ ಕಡೆ ವಿಮಾನದಾಳಿಯ ಭಯ. ಲೀಡ್ಸ್‌ನಿಂದ ಮೋರ್ಕಮ್‌ಗೆ ಹೋಗೋ ರೈಲು ಅಲ್ಲಿ ನಿಲ್ಲುತ್ತೆ, ಆ ಗಡಿಯಾರ ಇನ್ನೂ ಇದೆ, ಟೀ ಕೊಡೋ ಕೋಣೆಯೂ ಇದೆ. ಇದರ ನಿರ್ದೇಶಕ ಡೇವಿಡ್ ಲೀನ್ ಮುಂದೆ ನಮ್ಮ ಕಡೆಗೂ ಬಂದರು. ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳ ಭಾಗ ತೆಗೆದದ್ದು ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ. 1984ರಲ್ಲಿ ಬಿಡುಗಡೆಯಾದ ಅದೇ ಅವರ ಕೊನೆಯ ಚಿತ್ರ.

ಈಗ ಥಿಯೇಟರ್. ಬ್ರುಡೆನೆಲ್ ರಸ್ತೆಯ ಹೈಡ್ ಪಾರ್ಕ್ ಪಿಕ್ಚರ್ ಹೌಸ್‌ಗೆ ಹೋಗು. 1914ರದ್ದು, ಒಳಗೆ ಇವತ್ತಿಗೂ ಗ್ಯಾಸ್ ದೀಪ ಉರಿಯುತ್ತೆ, ಬಾಲ್ಕನಿ ಇದೆ. ಇಲ್ಲಿ ಶಿಳ್ಳೆ ಇಲ್ಲ, ಇಂಟರ್ವಲ್ ಇಲ್ಲ. ಹಾಗಾಗಿ ದೊಡ್ಡ ಲೋಟ ಟೀ ಒಳಗೆ ತಗೊಂಡು ಹೋಗೋ ಮುಂಚೆ ಯೋಚಿಸು. ಮಲ್ಟಿಪ್ಲೆಕ್ಸ್‌ಗಳಲ್ಲಾದರೆ ಜಾಹೀರಾತು, ಟ್ರೇಲರ್ ಅಂತಲೇ ಇಪ್ಪತ್ತು ನಿಮಿಷ ಹೋಗುತ್ತೆ. ಚಿತ್ರ ಮುಗಿದ ಮೇಲೆ ಹೆಸರುಗಳು ಸರಿಯೋವರೆಗೆ ಕೆಲವರು ಏಳಲ್ಲ, ನೀನು ಎದ್ದರೆ ಪ್ರಮಾದವೇನಿಲ್ಲ. ‘35 ಎಂಎಂ’ ಅಂತ ಬರೆದಿದ್ದರೆ ನಿಜವಾದ ರೀಲು ಓಡಿಸ್ತಾರೆ. ಅಲ್ಲಲ್ಲಿ ಗೀಚು ಕಾಣುತ್ತೆ, ನನಗೆ ಅದೇ ಇಷ್ಟ.

ದೊಡ್ಡ ಪರದೆಗೆ ಅಂತಲೇ ಇಟ್ಟುಕೊಳ್ಳಬೇಕಾದ್ದು ಮೈಕೆಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಬಣ್ಣದ ಚಿತ್ರಗಳು. 1948ರ ‘ದಿ ರೆಡ್ ಶೂಸ್’ನಲ್ಲಿ ಕಾಲು ಗಂಟೆಯಷ್ಟು ಬರೀ ನೃತ್ಯ. ಫೋನಿನಲ್ಲಿ ಅದನ್ನು ನೋಡೋದಕ್ಕಿಂತ ನೋಡದೇ ಇರೋದು ಲೇಸು. ಆದರೆ ನಿನಗೆ ಅಂತ ನಾನು ಆರಿಸೋದು ‘ಬ್ಲ್ಯಾಕ್ ನಾರ್ಸಿಸಸ್’. ಹಿಮಾಲಯದ ಹಳೇ ಅರಮನೆಯಲ್ಲಿ ಶಾಲೆ, ಆಸ್ಪತ್ರೆ ನಡೆಸೋಕೆ ಬಂದ ಕ್ರೈಸ್ತ ಸನ್ಯಾಸಿನಿಯರ ಕತೆ. ಚಿತ್ರ ತೆಗೆದವರು ಹಿಮಾಲಯವನ್ನು ಹತ್ತಲೇ ಇಲ್ಲ. ಪೈನ್‌ವುಡ್ ಸ್ಟುಡಿಯೋದಲ್ಲಿ ಸೆಟ್, ಗಾಜಿನ ಮೇಲೆ ಬರೆದ ಬೆಟ್ಟ, ಪ್ರಪಾತ, ಜೊತೆಗೆ ಸಸೆಕ್ಸ್‌ನ ಒಂದು ತೋಟ. ಆದರೂ ಗಂಟೆ ಬಾರಿಸೋಕೆ ಸನ್ಯಾಸಿನಿ ಪ್ರಪಾತದ ಅಂಚಿಗೆ ಹೋದಾಗ ನಮ್ಮ ಕಾಲು ನಡುಗುತ್ತೆ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್‌ಗೆ ಆಸ್ಕರ್ ಬಂತು.

ಅದರಲ್ಲಿ ಬಿಗಿಯಾಗಿ ಸಿಂಗರಿಸಿಕೊಂಡು, ಲಂಡನ್ ಅಂಗಡಿಯ ಸೆಂಟು ಹಾಕಿಕೊಂಡು ಬರೋ ಎಳೆಯ ರಾಜಕುಮಾರ ಇದ್ದಾನಲ್ಲ, ಅವನು ಸಾಬು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ತೆಗೆಯೋಕೆ ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ, ಉಳಿದ ಚಿತ್ರೀಕರಣಕ್ಕೆ ಇಂಗ್ಲೆಂಡಿನ ಡೆನ್‌ಹ್ಯಾಮ್‌ಗೆ ಕರೆತಂದರು, 1937ರಲ್ಲಿ ಚಿತ್ರ ಬಂದಾಗ ಹೆಸರುವಾಸಿಯಾದ. ಇಲ್ಲಿಯ ಹಿರಿಯರ ಹತ್ತಿರ ಸಾಬು ನಮ್ಮ ಮೈಸೂರಿನವನು ಅಂದರೆ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿದ್ದವನಲ್ಲವಾ ಅಂತ ಅವರ ಮುಖ ಅರಳುತ್ತೆ. ಆದರೆ ಅದೇ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅವನ ಎದುರು ಭಾರತೀಯ ಹುಡುಗಿಯಾಗಿ ಜೀನ್ ಸಿಮನ್ಸ್ ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು ಬರ್ತಾಳೆ. ಮೈ ಉರಿಯುತ್ತೆ, ಉರಿಯಲಿ. ಸಾಬುವಿನದೇ ‘ದಿ ಡ್ರಮ್’ 1938ರಲ್ಲಿ ಬೊಂಬಾಯಿಗೆ ಬಂದಾಗ ವಿರೋಧ ಎದ್ದು ಪ್ರದರ್ಶನ ನಿಂತಿತ್ತು. ಹಾಗಂತ ‘ಬ್ಲ್ಯಾಕ್ ನಾರ್ಸಿಸಸ್’ ಬಿಡಬೇಡ. ಬ್ರಿಟಿಷರು ಇಂಡಿಯಾ ಬಿಟ್ಟ 1947ರಲ್ಲೇ ಬಂದದ್ದು ಇದು, ಆ ಸನ್ಯಾಸಿನಿಯರೂ ಕೊನೆಗೆ ಸೋತು ಬೆಟ್ಟ ಇಳೀತಾರೆ. ಹೊರಗೆ ಬಂದ ಮೇಲೆ ಪಕ್ಕದವರ ಹತ್ತಿರ ಅದನ್ನು ಮಾತಾಡು, ಕೇಳೋಕೆ ಇಲ್ಲಿಯವರಿಗೂ ಆಸಕ್ತಿ ಇರುತ್ತೆ.

ಇಂಟರ್ವಲ್ ಇಲ್ಲದೆ ಸಿನಿಮಾನೇ ಅಲ್ಲ ಅನ್ನೋನಾದರೆ ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ ಕಾಯಿ. ಮೂರೂವರೆ ಗಂಟೆಗೂ ಮೇಲೆ, ನಡುವೆ ವಿರಾಮ ಆಗಲೇ ಇಟ್ಟು ಮಾಡಿದ್ದು. ಬ್ರ್ಯಾಡ್‌ಫರ್ಡ್‌ನ ಮ್ಯೂಸಿಯಂಗೆ ಸೇರಿದ ಪಿಕ್ಚರ್‌ವಿಲ್ ಥಿಯೇಟರಿನಲ್ಲಿ 70 ಎಂಎಂ, ಅಂದರೆ ಎರಡರಷ್ಟು ಅಗಲದ ರೀಲು, ಓಡಿಸೋ ಸೌಕರ್ಯ ಇದೆ. ಅಲ್ಲಿ ಯಾವತ್ತಾದರೂ ಅದು ಬಂದರೆ ರಜೆ ಹಾಕಿ ಹೋಗು.

ವಸಂತದಲ್ಲಿ ಅಪ್ಪ ಅಮ್ಮನನ್ನು ಕರೆಸ್ತೀನಿ ಅಂದಿದ್ದೀಯ. ಅರವತ್ತು ದಾಟಿದವರಿಗೆ ಅಂತಲೇ ಕೆಲವು ಥಿಯೇಟರುಗಳಲ್ಲಿ ವಾರದ ನಡುವೆ ಹಗಲು ಷೋ ಇರುತ್ತೆ, ಕಡಿಮೆ ದರಕ್ಕೆ ಟಿಕೆಟ್, ಜೊತೆಗೆ ಟೀ ಬಿಸ್ಕತ್ತು. ಸಬ್‌ಟೈಟಲ್ ಹಾಕೋ ಷೋಗಳು ಬೇರೆ ಇರ್ತವೆ, ಬುಕ್ ಮಾಡೋವಾಗ ನೋಡಿ ಆರಿಸು. ಅಮ್ಮನಿಗೆ ಒಂದು ಶಾಲು ಇಟ್ಟುಕೊಳ್ಳೋಕೆ ಹೇಳು, ಹಳೇ ಥಿಯೇಟರುಗಳು ತಣ್ಣಗಿರ್ತವೆ.