ಬಿಪಿ ಮಾತ್ರೆಯಿಂದ ಕ್ರಿಯೇಟಿನಿನ್ ಏರಿದರೆ ಅದನ್ನು ಬಿಡಬೇಕೇ?

ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ಆರಂಭಿಸಿದ ಮೇಲೆ ರಕ್ತದಲ್ಲಿನ ಕ್ರಿಯೇಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಕಸ; ಸೋಸುವುದು ಕಡಿಮೆಯಾದರೆ ಇದು ಏರುತ್ತದೆ) 1.0ರಿಂದ 1.2ಕ್ಕೆ ಏರಿದೆ, ಮಂಡಿನೋವಿನ ಮಾತ್ರೆಯನ್ನು ಉಳಿಸಿಕೊಂಡು ಇದನ್ನು ಬಿಡಲೇ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನೂ ನೋವಿನ ಮಾತ್ರೆಯನ್ನು ನಿರಪಾಯವೆಂದೇ ನಂಬಿದ್ದೆ.

ಶ್ರೀನಿವಾಸಪುರದ ಬಳಿ ನಮ್ಮದು ಮಾವಿನ ತೋಟ. ಆ ವರ್ಷ ಕೊಯ್ಲಿನ ದಿನಗಳಲ್ಲಿ ಬಿಸಿಲಲ್ಲಿ ನಿಂತೂ ನಿಂತೂ ಮಂಡಿ ಊದಿಕೊಂಡಿತು. ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದ್ದ ಬಿಪಿ ಮಾತ್ರೆಯನ್ನು ನುಂಗುತ್ತಿದ್ದ ನಾನು, ಯಾರನ್ನೂ ಕೇಳದೆ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ದಿನಕ್ಕೆರಡು ನುಂಗತೊಡಗಿದೆ. ಆರನೆಯ ದಿನ ಭೇದಿ ಹಿಡಿಯಿತು. ತಪ್ಪಾದದ್ದು ಅಲ್ಲಿಯೇ. ಮಂಡಿಯದು ಮಂಡಿಗೆ, ಬಿಪಿಯದು ಬಿಪಿಗೆ, ಭೇದಿ ಹೊಟ್ಟೆಯ ಸಂಗತಿ, ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಭಾವಿಸಿ ಎಲ್ಲ ಮಾತ್ರೆಗಳನ್ನೂ ತಪ್ಪದೆ ಮುಂದುವರಿಸಿದೆ. ಎರಡು ದಿನ ಮೂತ್ರ ಕಡಿಮೆಯಾದಾಗಲೂ ಬಿಸಿಲಿನ ಬೇಗೆ ಎಂದುಕೊಂಡೆ. ಕೋಲಾರದ ಆಸ್ಪತ್ರೆಯಲ್ಲಿ ನೋಡಿದಾಗ ಕ್ರಿಯೇಟಿನಿನ್ 3.8 ಇತ್ತು.

ಅಲ್ಲಿನ ವೈದ್ಯರು ಕಾಗದದ ಮೇಲೆ ಬರೆದು ತೋರಿಸಿದರು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೋಸುವ ಗಂಟುಗಳಿದ್ದು, ಪ್ರತಿಯೊಂದಕ್ಕೂ ರಕ್ತ ಒಳಬರುವ ಒಂದು ಕಿರುನಾಳ, ಹೊರಹೋಗುವ ಇನ್ನೊಂದು ಕಿರುನಾಳ ಇರುತ್ತವೆ. ಇವೆರಡರ ನಡುವೆ ನಿಲ್ಲುವ ಒತ್ತಡವೇ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತದೆ. ಮೈಯಲ್ಲಿ ನೀರು ಕುಗ್ಗಿದಾಗ ಒಳನಾಳದ ಗೋಡೆಯ ಕೋಶಗಳು ರೆನಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ, ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಹೊರನಾಳವನ್ನು ಹೆಚ್ಚಾಗಿ ಬಿಗಿಯುತ್ತದೆ, ಮೂತ್ರಪಿಂಡದೊಳಗೇ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ಒಳನಾಳವನ್ನು ತೆರೆದಿಡುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಮೋಟಾರಿನ ಕಡೆಯ ವಾಲ್ವ್ ತೆರೆದು ತುದಿಯದನ್ನು ಬಿಗಿ ಮಾಡಿದರೆ ಒತ್ತಡ ನಿಲ್ಲುವುದನ್ನು ನಾನು ದಿನವೂ ನೋಡುತ್ತಿದ್ದೆ. ಡೈಕ್ಲೋಫೆನಾಕ್ ಪ್ರೊಸ್ಟಾಗ್ಲಾಂಡಿನ್ ತಡೆದು ಒಳನಾಳವನ್ನು ಕುಗ್ಗಿಸಿತ್ತು, ಟೆಲ್ಮಿಸಾರ್ಟನ್ ಆಂಜಿಯೋಟೆನ್ಸಿನ್‌ನ ಕೆಲಸವನ್ನು ತಡೆದು ಹೊರನಾಳ ಬಿಗಿಯಾಗಲು ಬಿಡಲಿಲ್ಲ, ಭೇದಿ ಮತ್ತು ಮೂತ್ರದ ಔಷಧಿ ಇದ್ದ ನೀರನ್ನೂ ಹೊರಹಾಕಿದವು. ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತವೆಂದು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲಿಯೇ ತೋರಿಸಿದ್ದರು. ನನಗೆ ಅದು ತಿಳಿದದ್ದು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ. ಕ್ರಿಯೇಟಿನಿನ್ ಎರಡು ವಾರಗಳಲ್ಲಿ 1.3ಕ್ಕೆ ಇಳಿಯಿತು, ನನ್ನ ಹಳೆಯ 1.0ಕ್ಕೆ ಮರಳಲೇ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಹೊರನಾಳ ಸಡಿಲವಾಗಿ ಒಳಗಿನ ಒತ್ತಡ ಇಳಿದಾಗ ಕ್ರಿಯೇಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತವೇ; ಶೇಕಡ 30ರೊಳಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಆ ಔಷಧಿಯನ್ನು ನಿಲ್ಲಿಸದೆ, ಪೊಟ್ಯಾಸಿಯಂ ಸಹಿತ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುವ ಸಕ್ಕರೆ ಕಾಯಿಲೆಯವರಿಗಂತೂ ಆ ಇಳಿದ ಒತ್ತಡವೇ ವರ್ಷಗಳ ಕಾಲ ರಕ್ಷಣೆ. ಬಿಡಬೇಕಾದದ್ದು ನೋವಿನ ಮಾತ್ರೆಯನ್ನು. ವಾಂತಿಭೇದಿಯಾದರೆ ಮಾತ್ರ, ಬಿಪಿ ಮಾತ್ರೆಯನ್ನು ಕೆಲದಿನ ತಡೆಹಿಡಿಯಬೇಕೇ ಎಂದು ಅದೇ ದಿನ ವೈದ್ಯರನ್ನು ಕೇಳಿ. ನಾನೀಗ ಮಂಡಿಗೆ ಬಿಸಿ ಶಾಖ ಕೊಡುತ್ತೇನೆ, ತೀರಾ ನೋವಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ನುಂಗುತ್ತೇನೆ. ನಿಮ್ಮ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಎಂದಿದ್ದರೆ ಇಂದೇ ನಿಲ್ಲಿಸಿ, ಆ ಹಾಳೆಯನ್ನೂ ವೈದ್ಯರ ಬಳಿಗೆ ತೆಗೆದುಕೊಂಡು ಹೋಗಿ.