ಗುಳ್ಳೆ ನಿಂತರೆ ಕೆಲಸ ಮುಗೀತಾ?

ಈ ಸಲದ ಅಂಕಣ ಪೂರ್ತಿ ಮನೆಯಲ್ಲಿ ಬಿಯರ್ ಮಾಡುವವರದ್ದು. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶದಲ್ಲಿರುವ ಕನ್ನಡಿಗರದ್ದು. ಅದಕ್ಕೆ ಕಾರಣ ಇದೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರ್‌ಗೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದಾರಿ ತೆರೆಯಿತು. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಹಾಗಾಗಿ ‘ಬೆಂಗಳೂರಲ್ಲಿ ಕಿಟ್ ಎಲ್ಲಿ ಸಿಗುತ್ತೆ ಸರ್’ ಅಂತ ಕೇಳಿದವರಿಗೆ ನಾನು ಉತ್ತರ ಬರೆದಿಲ್ಲ. ಬೇಜಾರು ಮಾಡ್ಕೋಬೇಡಿ.

ಶನಿವಾರ ಸಂಜೆ ಯೀಸ್ಟ್ ಹಾಕಿದೆ. ಭಾನುವಾರ ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸು ಹೊರಗೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬಿಡದ ನೀರು ತುಂಬಿದ ಕೊಳವೆ) ಬುಳುಬುಳು ಅಂತ ಗುಳ್ಳೆ ಶುರುವಾಯ್ತು. ಬುಧವಾರ ಬೆಳಗ್ಗೆ ನೋಡಿದರೆ ಪೂರ್ತಿ ನಿಂತಿದೆ. ಯೀಸ್ಟ್ ಸತ್ತುಹೋಯ್ತಾ? ಇನ್ನೊಂದು ಪ್ಯಾಕೆಟ್ ಹಾಕಲಾ? – ಮಿನ್ನಿಯಾಪೊಲಿಸ್‌ನಿಂದ ಓದುಗರೊಬ್ಬರು

ಹಾಕಬೇಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ. ಎಲ್ಲರೂ ಆ ಗುಳ್ಳೆಯನ್ನು ನಂಬಿ ಕೂತಿರುತ್ತಾರೆ.

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ವಿಶಲ್ ಕೂಗುವುದಿಲ್ಲ. ಹಾಗಂತ ಒಳಗೆ ಬೇಳೆ ಬೇಯುತ್ತಿಲ್ಲ ಅಂತಲ್ಲ, ಆವಿ ಪಕ್ಕದಿಂದ ಹೋಗುತ್ತಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳವೂ ಹೀಗೇ. ಒಂದು ಕಡೆ ಸ್ವಲ್ಪ ಎದ್ದಿದ್ದರೂ ಸಾಕು, ಗ್ಯಾಸು ಅಲ್ಲಿಂದ ಹೊರಗೆ ಹೋಗುತ್ತದೆ. ಏರ್‌ಲಾಕ್ ಸುಮ್ನೆ ಕೂತಿರುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಹುದುಗುವ ಕೆಲಸ ಮುಗಿದ ಮೇಲೆ ಕೋಣೆ ಬೆಚ್ಚಗಾದರೆ, ಬಿಯರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಬಂದು ಮತ್ತೆ ಗುಳ್ಳೆ ಬರುತ್ತದೆ. ಯೀಸ್ಟ್ ಮಲಗಿರುತ್ತದೆ, ನೀವು ಖುಷಿಪಡುತ್ತಿರುತ್ತೀರಿ.

ನಂಬಬೇಕಾದ್ದು ಹೈಡ್ರೋಮೀಟರನ್ನು. ಅದು ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ. ನೀರಿಗೆ 1.000; ಸಕ್ಕರೆ ಇದ್ದಷ್ಟೂ ಸಂಖ್ಯೆ ಜಾಸ್ತಿ, ಯೀಸ್ಟ್ ಅದನ್ನು ತಿಂದಂತೆ ಕೆಳಗಿಳಿಯುತ್ತದೆ. ಸ್ವಚ್ಛ ಮಾಡಿದ ನಳಿಕೆಯಿಂದ 100 ಮಿಲಿ ಲೀಟರ್‌ನಷ್ಟು ತೆಗೆದು ಎತ್ತರದ ಗಾಜಿನ ಕೊಳವೆಗೆ ಹಾಕಿ. ಹೈಡ್ರೋಮೀಟರನ್ನು ಬಿಟ್ಟು ಬೆರಳಿನಿಂದ ಒಮ್ಮೆ ಬುಗುರಿ ಥರ ತಿರುಗಿಸಿ. ಮೈಗೆ ಅಂಟಿದ ಗುಳ್ಳೆ ಬಿಟ್ಟುಹೋಗುತ್ತದೆ, ಇಲ್ಲದಿದ್ದರೆ ಅದು ಮೇಲಕ್ಕೆ ತೇಲಿ ತಪ್ಪು ಲೆಕ್ಕ ಕೊಡುತ್ತದೆ. ದ್ರವ ಗಾಜಿನ ಗೋಡೆಗೆ ಸ್ವಲ್ಪ ಏರಿರುತ್ತದಲ್ಲ, ಆ ಏರಿದ ಅಂಚನ್ನು ನೋಡಬೇಡಿ, ನಡುವಿನ ತಗ್ಗನ್ನು ನೋಡಿ ಓದಿ. ಬರೆದಿಟ್ಟುಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಎರಡು ಸಲವೂ ಅದೇ ಸಂಖ್ಯೆ, ಅದೂ ನೀವು ಅಂದುಕೊಂಡ ಸಂಖ್ಯೆಯ ಹತ್ತಿರವೇ ಇದ್ದರೆ ಮುಗಿದಿದೆ. ಅಳೆದದ್ದನ್ನು ವಾಪಸ್ ಸುರಿಯಬೇಡಿ. ಕುಡಿದು ನೋಡಿ, ರುಚಿ ಹೇಗೆ ಬದಲಾಗುತ್ತೆ ಅಂತ ಗೊತ್ತಾಗುತ್ತದೆ.

ಲೆಕ್ಕ ಸುಲಭ. 1.050ರಿಂದ ಶುರುವಾಗಿ 1.012ಕ್ಕೆ ನಿಂತಿತು ಅಂದುಕೊಳ್ಳಿ. ವ್ಯತ್ಯಾಸ 0.038. ಅದನ್ನು 131ರಿಂದ ಗುಣಿಸಿದರೆ ಹೆಚ್ಚುಕಡಿಮೆ ಶೇ 5 ಆಲ್ಕೋಹಾಲ್.

ಬಿಸಿ ಕೋಣೆಯಲ್ಲಿ ಏಲ್ (ಲಾಗರಿಗಿಂತ ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್ ಮೂರು ದಿನದಲ್ಲಿ ಮುಕ್ಕಾಲು ಕೆಲಸ ಮುಗಿಸುವುದು ಮಾಮೂಲು. ನಿಮ್ಮದೂ ಹಾಗೇ ಆಗಿರಬೇಕು. ಮುಗಿದರೂ ಇನ್ನೊಂದು ವಾರ ಮುಟ್ಟಬೇಡಿ. ಹಸಿ ಸೇಬಿನ ವಾಸನೆ, ಬೆಣ್ಣೆಯ ವಾಸನೆ ಎರಡನ್ನೂ ಯೀಸ್ಟೇ ಕೊನೆಗೆ ತಿಂದು ತೆಗೆಯುತ್ತದೆ. ಅದಕ್ಕೆ ಸಮಯ ಬೇಕು.

ಇಲ್ಲಿ ಚಳಿ. ದೋಸೆ ಹಿಟ್ಟು ಹುಳಿ ಬರಲಿ ಅಂತ ಅವನ್ ಒಳಗೆ ಲೈಟ್ ಹಾಕಿ ಇಡ್ತೀವಿ. ಅದೇ ಥರ ನಾಲ್ಕು ಲೀಟರಿನ ಗಾಜಿನ ಜಾರ್ ಇಟ್ಟೆ. ಎರಡೇ ದಿನಕ್ಕೆ ಮುಗೀತು. ಆದರೆ ನೇಲ್ ಪಾಲಿಶ್ ವಾಸನೆ. ಒಂದು ಗ್ಲಾಸಿಗೇ ತಲೆನೋವು. – ಎಡ್ಮಂಟನ್‌ನಿಂದ

ನಗು ಬಂತು, ಕ್ಷಮಿಸಿ. ಯಾಕೆಂದರೆ ಹೊರದೇಶದ ಮೊದಲ ಚಳಿಗಾಲದಲ್ಲಿ ನಾನೂ ಇದನ್ನೇ ಮಾಡಿದ್ದೆ.

ದೋಸೆ ಹಿಟ್ಟಿಗೆ 30 ಡಿಗ್ರಿ ಇಷ್ಟ. ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 20 ಸಾಕು. ಮೇಲಾಗಿ ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ. 20 ಲೀಟರಿನ ಬಕೆಟ್ಟಿನಲ್ಲಿ ಒಳಗಿನ ಶಾಖ ಕೋಣೆಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರುತ್ತದೆ. ನಿಮ್ಮ ಜಾರ್ ಚಿಕ್ಕದು, ಆದರೂ ಅವನ್ ಲೈಟಿನ ಜೊತೆ ಸೇರಿ 30 ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ಯೀಸ್ಟ್ ಫ್ಯೂಸೆಲ್ ಅನ್ನುವ ಒರಟು ಆಲ್ಕೋಹಾಲ್‌ಗಳನ್ನು, ಈಥೈಲ್ ಅಸಿಟೇಟನ್ನು ಜಾಸ್ತಿ ಮಾಡುತ್ತದೆ. ನೇಲ್ ಪಾಲಿಶ್ ವಾಸನೆ ಅದರದ್ದೇ. ಇಟ್ಟರೆ ಸರಿಹೋಗುತ್ತಾ ಅಂತ ಕಾಯಬೇಡಿ. ಚೆಲ್ಲಿಬಿಡಿ.

ಇನ್ನೊಂದು ವಿಷಯ. ಪಾರದರ್ಶಕ ಗಾಜಿಗೆ ಬೆಳಕು ಬಿದ್ದರೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಇರುವ ಬಿಯರ್ ನಾರುತ್ತದೆ. ಬಿಯರ್ ಬಾಟಲಿಗಳು ಕಂದು ಬಣ್ಣದ್ದಾಗಿರುವುದು ಅದಕ್ಕೇ. ಜಾರಿಗೆ ಒಂದು ಹಳೇ ಟವೆಲ್ ಸುತ್ತಿ.

ನಿಮ್ಮ ಬೇಸ್‌ಮೆಂಟ್ 17–18 ಡಿಗ್ರಿ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಮೊದಲ ಮೂರು ದಿನ ತಂಪು ಮುಖ್ಯ, ರುಚಿ ತೀರ್ಮಾನವಾಗುವುದು ಆಗಲೇ. ಆಮೇಲೆ ಬೆಚ್ಚಗಿನ ಕಡೆ ಸರಿಸಿದರೂ ತೊಂದರೆಯಿಲ್ಲ. ಬೇಸಿಗೆಯಲ್ಲಿ ಫರ್ಮೆಂಟರನ್ನು, ಅಂದರೆ ಹುದುಗಿಸುವ ಪಾತ್ರೆಯನ್ನು, ಅಗಲದ ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಟೀಶರ್ಟ್ ತೊಡಿಸಿ, ಫ್ಯಾನ್ ಬಿಡಿ. ಮಣ್ಣಿನ ಗಡಿಗೆ ನೀರು ತಣ್ಣಗಾಗುವ ಉಪಾಯವೇ ಇದು. ಬಿಸಿಯಲ್ಲೇ ಮಾಡಬೇಕು ಅಂತ ಹಟ ಇದ್ದರೆ ಕ್ವೈಕ್ ಅನ್ನುವ ನಾರ್ವೆಯ ಹಳ್ಳಿಗಳ ಯೀಸ್ಟ್ ತನ್ನಿ. ಅದು 35 ಡಿಗ್ರಿಯಲ್ಲೂ ಆರಾಮಾಗಿ, ಸ್ವಚ್ಛ ರುಚಿಯಲ್ಲೇ ಕೆಲಸ ಮಾಡುತ್ತದೆ.

ಶುರುವಿನಲ್ಲಿ 1.052 ಇತ್ತು. ಈಗ 1.020ಕ್ಕೆ ಬಂದು ನಾಲ್ಕು ದಿನದಿಂದ ಅಲುಗಾಡ್ತಿಲ್ಲ. ಮ್ಯಾಶ್ ಮಾಡುವಾಗ (ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವಾಗ) ಥರ್ಮಾಮೀಟರ್ 70 ತೋರಿಸಿತ್ತು. ಬಾಟಲಿಗೆ ತುಂಬಲಾ? – ಮೆಲ್ಬರ್ನ್‌ನಿಂದ

ಆತುರ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ಆ 70.

ಮೊಳಕೆ ಬರಿಸಿದ ರಾಗಿಯ ಗಂಜಿ ತೆಳ್ಳಗಾಗಿ ಸಿಹಿಯಾಗುವುದು ನೋಡಿದ್ದೀರಲ್ವಾ? ಮೊಳಕೆಯಲ್ಲಿರುವ ಕಿಣ್ವಗಳು ಹಿಟ್ಟಿನ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಬಾರ್ಲಿ ಮಾಲ್ಟಿನಲ್ಲೂ ಅದೇ ಕಥೆ. ಅಲ್ಲಿ ಎರಡು ಮುಖ್ಯ. ಬೀಟಾ ಅಮೈಲೇಸ್ 65ರ ಆಸುಪಾಸಿನಲ್ಲಿ, ಯೀಸ್ಟಿಗೆ ಇಷ್ಟವಾದ ಸಣ್ಣ ಸಕ್ಕರೆ ಮಾಡಿಕೊಡುತ್ತದೆ. 70ರಲ್ಲಿ ಅದು ಬೇಗ ಕೆಟ್ಟುಹೋಗುತ್ತದೆ. ಉಳಿದ ಆಲ್ಫಾ ಅಮೈಲೇಸ್ ಒಂದೇ ಕೆಲಸ ಮಾಡಿದರೆ ಉದ್ದುದ್ದ ಡೆಕ್ಸ್‌ಟ್ರಿನ್‌ಗಳು ಉಳಿಯುತ್ತವೆ, ಅವು ಯೀಸ್ಟಿನ ಬಾಯಿಗೆ ಹಿಡಿಯುವುದಿಲ್ಲ. ಹಾಗಾಗಿ ನಿಮ್ಮ ಬಿಯರ್ 1.020ರಲ್ಲಿ ಸಿಕ್ಕಿಹಾಕಿಕೊಂಡಿಲ್ಲ, ಅದರ ಕೊನೆಯೇ ಅದು ಅನ್ನುವ ಸಾಧ್ಯತೆ ಜಾಸ್ತಿ.

ಆದರೆ ಊಹೆ ಮೇಲೆ ಬಾಟಲಿ ತುಂಬಬಾರದು. ಸಕ್ಕರೆ ನಿಜವಾಗಿಯೂ ಉಳಿದಿದ್ದರೆ ಅದು ಬಾಟಲಿಯೊಳಗೆ ಹುದುಗಿ ಗಾಜು ಸಿಡಿಯುತ್ತದೆ. ಹೀಗೆ ಮಾಡಿ. ಒಂದು ಲೋಟ ಬಿಯರ್ ಬೇರೆ ತೆಗೆದು, ಬ್ರೆಡ್ ಯೀಸ್ಟ್ ಒಂದು ಟೀ ಚಮಚ ಧಾರಾಳವಾಗಿ ಹಾಕಿ, ಬಾಯಿ ಸಡಿಲ ಮುಚ್ಚಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಎರಡು ದಿನ ಇಡಿ. ಅವನ್ ಲೈಟ್ ಇಲ್ಲಿ ಬೇಕಾದರೆ ಹಾಕಿ! ಆಮೇಲೆ ಅಳೆಯಿರಿ. 1.020ರಲ್ಲೇ ಇದ್ದರೆ ಅದೇ ಕೊನೆ, ತುಂಬಿ. ದಪ್ಪ ಮೈಯ, ಕಡಿಮೆ ಅಮಲಿನ ಬಿಯರ್ ಸಿಗುತ್ತದೆ, ಕೆಟ್ಟದ್ದೇನಲ್ಲ. ಲೋಟದ್ದು 1.013ಕ್ಕೆ ಇಳಿದರೆ ದೊಡ್ಡ ಬಕೆಟ್ಟಿನ ಯೀಸ್ಟ್ ನಿದ್ದೆ ಹೋಗಿದೆ ಅಂತ. ಆಗ 21–22 ಡಿಗ್ರಿಗೆ ಬೆಚ್ಚಗೆ ಮಾಡಿ, ಮುಚ್ಚಳ ತೆಗೆಯದೆ ಬಕೆಟ್ಟನ್ನು ಮೆಲ್ಲಗೆ ತಿರುಗಿಸಿ ತಳದ ಗಸಿಯನ್ನು ಎಬ್ಬಿಸಿ. ಅಲ್ಲಾಡಿಸಿ ಗಾಳಿ ಸೇರಿಸಬೇಡಿ.

ಅಂದಹಾಗೆ, ಅಳೆದದ್ದು ಹೈಡ್ರೋಮೀಟರಿನಲ್ಲಾ, ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಾ? ಎರಡನೆಯದಾದರೆ ಈ ಪೂರ್ತಿ ಉತ್ತರ ಮರೆತುಬಿಡಿ. ಆಲ್ಕೋಹಾಲ್ ಇದ್ದರೆ ಅದು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಲೆಕ್ಕ ಸರಿಪಡಿಸಿ ನೋಡಿದರೆ ನಿಮ್ಮ ಬಿಯರ್ ಎಂದೋ ಮುಗಿದಿರಬಹುದು.

ಬಿಯರ್ ಮಾಡ್ತೀನಿ ಅಂದಾಗಿನಿಂದ ಊರಿನಲ್ಲಿರುವ ಅಮ್ಮ ‘ಕಣ್ಣು ಹೋಗುತ್ತೆ ಕಣೋ’ ಅಂತ ದಿನಾ ಫೋನಿನಲ್ಲಿ ಹೆದರಿಸ್ತಾರೆ. ಅದರಲ್ಲಿ ಏನಾದರೂ ನಿಜ ಇದೆಯಾ? – ಲೆಸ್ಟರ್‌ನಿಂದ

ಅಮ್ಮನ ಭಯಕ್ಕೆ ಕಾರಣ ಇದೆ, ನಗಬೇಡಿ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಆ ಕಾಲ ನೋಡಿದವರಿಗೆ ‘ಮನೆಯಲ್ಲಿ ಮಾಡಿದ್ದು’ ಅಂದರೆ ಅದೇ ನೆನಪಾಗುತ್ತದೆ.

ಇಂಥ ದುರಂತಗಳಲ್ಲಿ ಕೊಲ್ಲುವುದು ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್. ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಬೆರೆಸಿ ಮಾರುತ್ತಾರೆ. ಹುದುಗುವಾಗ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ, ಅದೂ ಅತಿ ಸ್ವಲ್ಪ. ಬಾರ್ಲಿ ಬಿಯರಿನಲ್ಲಿ ಕಣ್ಣಿಗೆ ತೊಂದರೆ ಕೊಡುವಷ್ಟು ಇರುವುದೇ ಇಲ್ಲ. ಆದರೆ ಬಟ್ಟಿ ಇಳಿಸುವ ಯೋಚನೆ ಮಾತ್ರ ಮಾಡಬೇಡಿ. ಅದಕ್ಕೆ ಲೈಸೆನ್ಸ್ ಬೇಕು, ಬೆಂಕಿಯ ಅಪಾಯ ಬೇರೆ. ಅಮ್ಮನಿಗೆ ‘ಬಟ್ಟಿ ಇಳಿಸಲ್ಲ’ ಅಂತ ಒಂದು ಮಾತು ಕೊಟ್ಟುಬಿಡಿ, ಅವರಿಗೂ ನೆಮ್ಮದಿ.

ಮೇಲೆ ಬಿಳಿ ಕೆನೆ ಥರ ಏನೋ ಕಟ್ಟಿದೆ. ಬೂಷ್ಟಾ? – ಮ್ಯೂನಿಕ್‌ನಿಂದ

ಮೊದಲ ವಾರದಲ್ಲಿ ಕಂದು ಚುಕ್ಕೆಯ ನೊರೆ, ಅಲ್ಲಲ್ಲಿ ತೇಲುವ ಯೀಸ್ಟ್ ತುಂಡು ಇದ್ದರೆ ಸಹಜ. ಒಣಗಿದ ಸುಕ್ಕು ಪೊರೆ, ಅದರ ಕೆಳಗೆ ದೊಡ್ಡ ಗುಳ್ಳೆ ಸಿಕ್ಕಿಕೊಂಡಿದ್ದರೆ ಕಾಡು ಯೀಸ್ಟೋ ಬ್ಯಾಕ್ಟೀರಿಯಾವೋ ಸೇರಿದೆ. ಹಸಿರೋ ಕಪ್ಪೋ ಉಣ್ಣೆಯ ಥರ ಎದ್ದಿದ್ದರೆ ಬೂಷ್ಟು, ಚೆಲ್ಲಿ. ಪ್ಲಾಸ್ಟಿಕ್ ಬಕೆಟ್ಟನ್ನು ಒರಟು ಸ್ಕ್ರಬ್ಬರ್‌ನಿಂದ ಉಜ್ಜಿದ್ದೀರಾ? ಗೀರುಗಳಲ್ಲಿ ಇವು ಮನೆ ಮಾಡುತ್ತವೆ. ಹಾಗಿದ್ದರೆ ಬಕೆಟ್ಟೂ ಹೋಗಲಿ.

ವಾಸನೆ ಬಗ್ಗೆ ಬಂದ ಮೂರು ಪತ್ರಗಳಿಗೆ ಇಲ್ಲೇ ಹೇಳಿಬಿಡುತ್ತೇನೆ. ಲಾಗರ್ (ತಂಪಿನಲ್ಲಿ ಹುದುಗುವ ಬಿಯರ್) ಹುದುಗುವಾಗ ಕೊಳೆತ ಮೊಟ್ಟೆ ವಾಸನೆ ಬಂದರೆ ಹೆದರಬೇಡಿ, ತಾನೇ ಹೋಗುತ್ತದೆ. ಬೆಣ್ಣೆ ಬಿಸ್ಕತ್ತಿನ ವಾಸನೆ ಉಳಿದಿದ್ದರೆ 18–20 ಡಿಗ್ರಿಯಲ್ಲಿ ಮೂರು ದಿನ ಇಡಿ. ಗಾಯಕ್ಕೆ ಹಚ್ಚುವ ಪಟ್ಟಿಯ, ಆಸ್ಪತ್ರೆಯ ವಾಸನೆ ಬಂದರೆ ಮೊದಲು ನಲ್ಲಿ ನೀರಿನ ಕ್ಲೋರಿನ್ನನ್ನು ಅನುಮಾನಿಸಿ. ಆ ಬ್ಯಾಚ್ ಉಳಿಯುವುದಿಲ್ಲ. ಮುಂದಿನ ಸಲ ನೀರಿಗೆ ಕ್ಲೋರಿನ್ ತೆಗೆಯುವ ಕ್ಯಾಂಪ್ಡೆನ್ ಮಾತ್ರೆ ಹಾಕಿ, 20 ಲೀಟರಿಗೆ ಕಾಲು ಮಾತ್ರೆ ಸಾಕು.

ಬಿಯರ್ ಅಲ್ಲ ಸರ್, ಮಕ್ಕಳಿಗೆ ಅಂತ ಶುಂಠಿ, ಸಕ್ಕರೆ, ನಿಂಬೆಹಣ್ಣು ಹಾಕಿ ಜಿಂಜರ್ ಬಿಯರ್ ಮಾಡಿದ್ದೆ. ಏಪ್ರಿಲ್ ಸೆಕೆ. ರಾತ್ರಿ ಎರಡು ಗಂಟೆಗೆ ಬಾಟಲಿ ಢಂ ಅಂತು. ಬೆಳಗ್ಗೆ ನೋಡಿದರೆ ಫ್ಯಾನಿನ ರೆಕ್ಕೆ ಮೇಲೂ ಗಾಜಿನ ಚೂರು. – ಮೈಸೂರಿನಿಂದ ಗೃಹಿಣಿಯೊಬ್ಬರು

ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ, ಅದೇ ಪುಣ್ಯ. ಬಿಯರಿಗೆ ಗ್ಯಾಸು ಬರಲಿ ಅಂತ ಬಾಟಲಿ ತುಂಬುವಾಗ ಬೆರೆಸುವ ಸಕ್ಕರೆ ಲೀಟರಿಗೆ ಬರೀ 6 ಗ್ರಾಂ. ನಿಮ್ಮ ಪಾನಕದಲ್ಲಿ ಲೀಟರಿಗೆ 80–100 ಗ್ರಾಂ ಇರುತ್ತದೆ. ಯೀಸ್ಟ್ ಅದನ್ನು ಪೂರ್ತಿ ತಿನ್ನುತ್ತಾ ಹೋದರೆ ಯಾವ ಗಾಜೂ ತಡೆಯುವುದಿಲ್ಲ.

ಇನ್ನು ಮುಂದೆ ಸೋಡಾದ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಬೆಳಗ್ಗೆ ಸಂಜೆ ಕೈಯಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಸೆಕೆಯಲ್ಲಿ ಒಂದೇ ದಿನ ಸಾಕಾಗಬಹುದು. ಫ್ರಿಜ್ಜಿನಲ್ಲೂ ಕೆಲಸ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಖಾಲಿ ಮಾಡಿ. ಮತ್ತೆ, ಹುದುಗಿದ ಮೇಲೆ ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಇದ್ದೇ ಇರುತ್ತದೆ. ಮಕ್ಕಳಿಗೆ ಹುದುಗಿಸದ ಶುಂಠಿ ಪಾನಕಕ್ಕೆ ಸೋಡಾ ಬೆರೆಸಿ ಕೊಡಿ, ಅದೇ ವಾಸಿ.

ಫರ್ಮೆಂಟರ್ ತಳದ ಯೀಸ್ಟ್ ಗಸಿಯನ್ನು ದೋಸೆ ಹಿಟ್ಟಿಗೆ ಹಾಕಬಹುದಾ? ಚೆಲ್ಲೋಕೆ ಮನಸ್ಸು ಬರಲ್ಲ. – ಸಿಯಾಟಲ್‌ನಿಂದ

ಹಿಟ್ಟು ಉಬ್ಬಬಹುದು, ದೋಸೆಯ ರುಚಿ ಬರುವುದಿಲ್ಲ. ಇಡ್ಲಿ ದೋಸೆ ಹಿಟ್ಟನ್ನು ಉಬ್ಬಿಸಿ ಹುಳಿ ಮಾಡುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ. ಅದು ಉದ್ದು ಅಕ್ಕಿಯ ಜೊತೆಗೇ ಬರುತ್ತದೆ. ಗಸಿಯಲ್ಲಿ ಹಾಪ್ಸ್ ಸೇರಿರುತ್ತದೆ ಬೇರೆ. ನಾನು ಒಮ್ಮೆ ಹಾಕಿ ನೋಡಿದ್ದೆ. ದೋಸೆ ಹಾಗಲಕಾಯಿ ಕಹಿ. ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ಚೆಲ್ಲುವ ಮನಸ್ಸಿಲ್ಲದಿದ್ದರೆ ಸ್ಯಾನಿಟೈಸ್ ಮಾಡಿದ ಬಾಟಲಿಗೆ ಅರ್ಧದಷ್ಟು ತುಂಬಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ. ಎರಡು ವಾರದೊಳಗೆ ಮುಂದಿನ ಬ್ಯಾಚಿಗೆ ಹಾಕಬಹುದು. ಮುಚ್ಚಳ ಮಾತ್ರ ಬಿಗಿ ಮಾಡಬೇಡಿ. ಮೈಸೂರಿನವರ ಫ್ಯಾನ್ ನೆನಪಿದೆಯಲ್ಲ?